ನೋವಿನ ಮಾತ್ರೆ, ರಕ್ತನಾಳದ ಚಿಗುರು

1898ರಲ್ಲಿ ಬೆಂಗಳೂರಿಗೆ ಪ್ಲೇಗು ಬಂದಾಗ ದಂಡು ಪ್ರದೇಶದವರಿಗೆ ಆಸ್ಪಿರಿನ್ ಎಂಬ ಹೆಸರೇ ಗೊತ್ತಿರಲಿಲ್ಲ. ಜರ್ಮನಿಯ ಬಾಯರ್ ಕಂಪೆನಿ ಆ ಹೆಸರನ್ನು ನೋಂದಾಯಿಸಿದ್ದು ಮರುವರ್ಷ. ಇಂದು ಶಿವಾಜಿನಗರದ ಬೌರಿಂಗ್ ಆಸ್ಪತ್ರೆಯ ಸುತ್ತಲಿನ ಔಷಧ ಅಂಗಡಿಗಳಲ್ಲಿ ಅದು ತೀರ ಸಾಮಾನ್ಯ ಸರಕು.

ಆದರೆ ಮಾತ್ರೆ ನೋವನ್ನು ತಗ್ಗಿಸುವುದು ಹೇಗೆ? ಉತ್ತರಕ್ಕೆ 1971ರವರೆಗೆ ಕಾಯಬೇಕಾಯಿತು. ದೇಹದಲ್ಲಿ ಪ್ರೊಸ್ಟಗ್ಲಾಂಡಿನ್ ಎಂಬ ರಾಸಾಯನಿಕ ತಯಾರಾಗುವುದನ್ನು ಅದು ತಡೆಯುತ್ತದೆಂದು ಬ್ರಿಟನ್ನಿನ ಜಾನ್ ವೇನ್ ತೋರಿಸಿದರು. 1982ರ ನೊಬೆಲ್ ಪ್ರಶಸ್ತಿಯಲ್ಲಿ ಅವರಿಗೂ ಪಾಲು ಸಿಕ್ಕಿತು. ಅದೇ 1971ರಲ್ಲಿ ಅಮೆರಿಕದ ಶಸ್ತ್ರವೈದ್ಯ ಜೂಡಾ ಫೋಕ್‌ಮನ್, ಕ್ಯಾನ್ಸರ್ ಗಡ್ಡೆ ಬೆಳೆಯಲು ಹೊಸ ರಕ್ತನಾಳಗಳು ಬೇಕೆಂದು ಪ್ರತಿಪಾದಿಸಿದರು.

ಈ ಎರಡು ಎಳೆಗಳು ಮುಂದೆ ಕೂಡಿಕೊಂಡವು. ರಕ್ತನಾಳದ ಒಳಪದರದ ಜೀವಕೋಶಗಳು ಬೆಳೆಯಲು ಪ್ರೊಸ್ಟಗ್ಲಾಂಡಿನ್ ಕೂಡ ಕುಮ್ಮಕ್ಕು ಕೊಡುತ್ತದೆ. ಇಂಡೊಮೆಥಾಸಿನ್ ಎಂಬ ನೋವುನಿವಾರಕ ಈ ಕೋಶಗಳು ಹೊಸ ನಾಳ ಕಟ್ಟುವುದನ್ನು ತಡೆಯುತ್ತದೆಂದು 1999ರಲ್ಲಿ ಪ್ರಕಟವಾದ ಪ್ರಯೋಗಗಳು ತೋರಿಸಿದವು.

ಗಡ್ಡೆಯ ಬೆಳವಣಿಗೆಗೆ ಅಡ್ಡಿಯಾದರೆ ಒಳ್ಳೆಯದೇ. ಆದರೆ ಜಠರದ ಹುಣ್ಣು ಮಾಯಲೂ ಹೊಸ ರಕ್ತನಾಳಗಳೇ ಬೇಕು! ಹುಣ್ಣಿರುವವರು ಇಂಥ ಮಾತ್ರೆಗಳನ್ನು ತಾವಾಗಿ ನುಂಗಬಾರದು. ಹೃದಯದ ಕಾಯಿಲೆಗೆ ವೈದ್ಯರು ಬರೆದುಕೊಟ್ಟ ಆಸ್ಪಿರಿನ್ನನ್ನು ತಾವಾಗಿ ಬಿಡಲೂಬಾರದು.