ಅಬ್ಬಲೂರು ಶಾಸನ ಮತ್ತು ಐರೋಪ್ಯ ಇತಿಹಾಸ ಸಿದ್ಧಾಂತಗಳು

ಅಬ್ಬಲೂರು ಶಾಸನವು ಹಾವೇರಿ ಜಿಲ್ಲೆಯ ಹಿರೇಕೆರೂರು ತಾಲ್ಲೂಕಿನ ಅಬ್ಬಲೂರಿನ ಸೋಮೇಶ್ವರ ದೇವಾಲಯದಲ್ಲಿರುವ, ಸುಮಾರು ಕ್ರಿ.ಶ. 1200ರ ಕನ್ನಡ ಶಿಲಾಶಾಸನ. ಶೈವ ಸಂತ ಏಕಾಂತದ ರಾಮಯ್ಯನ ಚರಿತ್ರೆಯನ್ನು ತಿಳಿಸುವ ಈ ಶಾಸನವು, ಹತ್ತೊಂಬತ್ತನೆಯ ಶತಮಾನದ ಯುರೋಪಿನ ಇತಿಹಾಸ ವಿಧಾನವು ಕನ್ನಡನಾಡಿನ ಸಂಗತಿಗಳಿಗೆ ಅನ್ವಯಗೊಂಡ ಬಗೆಗೂ ಒಳ್ಳೆಯ ನಿದರ್ಶನವಾಗಿದೆ.

ಶಾಸನದ ವಿಷಯ

ಆಳಂದೆಯಲ್ಲಿ ಹುಟ್ಟಿದ ರಾಮಯ್ಯನು ಅಬ್ಬಲೂರಿನ ಜೈನರಿಂದ ಓಲೆಯ ಮೇಲೆ ಕರಾರು ಬರೆಯಿಸಿಕೊಂಡು, ತನ್ನ ಶಿರಸ್ಸನ್ನು ಅರಿದು ಶಿವನಿಗೆ ಅರ್ಪಿಸಿ ಅದನ್ನು ಮರಳಿ ಪಡೆದನೆಂದು ಶಾಸನ ಹೇಳುತ್ತದೆ. ಜೈನರು ಮಾತಿಗೆ ತಪ್ಪಿದಾಗ ಅವನು ಜಿನಬಿಂಬವನ್ನು ಒಡೆದನು. ದೂರು ಕಲಚುರಿ ಬಿಜ್ಜಳನವರೆಗೆ ಹೋಯಿತು. ಬಿಜ್ಜಳನು ರಾಮಯ್ಯನಿಗೆ ಜಯಪತ್ರವನ್ನು ಕೊಟ್ಟನು. ಚಾಳುಕ್ಯ ನಾಲ್ವಡಿ ಸೋಮೇಶ್ವರ ಹಾಗೂ ಹಾನಗಲ್ಲಿನ ಕದಂಬ ಕಾಮದೇವನ ದತ್ತಿಗಳೂ ಇದರಲ್ಲಿ ದಾಖಲಾಗಿವೆ. ಬರೆಸಿದವರು ಗೆದ್ದ ಪಕ್ಷದವರು. ಜೈನರ ಮಾತು ಇಲ್ಲಿ ಎದುರಾಳಿಯ ಬಾಯಿಂದಷ್ಟೇ ಕೇಳಿಬರುತ್ತದೆ ಎಂಬುದನ್ನು ಮರೆಯುವಂತಿಲ್ಲ. ಇದೇ ಕಥೆಯನ್ನು ಹರಿಹರನು ರಗಳೆಯಲ್ಲಿ ಹಾಡಿದ್ದಾನೆ.

ಫ್ಲೀಟ್ ಮತ್ತು ಆಧಾರದ ಪ್ರಶ್ನೆ

ಜರ್ಮನಿಯ ಲಿಯೊಪೋಲ್ಡ್ ಫಾನ್ ರಾಂಕೆ (1795–1886) ಸಮಕಾಲೀನ ದಾಖಲೆಯೇ ಇತಿಹಾಸದ ತಳಹದಿಯೆಂದು ಪ್ರತಿಪಾದಿಸಿದನು. ಆ ನಿಲುವು ಪ್ರಬಲವಾಗಿದ್ದ ಕಾಲದಲ್ಲಿ, ಮುಂಬಯಿ ಪ್ರಾಂತದ ಅಧಿಕಾರಿ ಜಾನ್ ಫೇಯ್ತ್‌ಫುಲ್ ಫ್ಲೀಟ್ (1847–1917) ಅಬ್ಬಲೂರಿನ ಶಾಸನಗಳನ್ನು ಎಪಿಗ್ರಾಫಿಯಾ ಇಂಡಿಕಾದ ಐದನೆಯ ಸಂಪುಟದಲ್ಲಿ ಪ್ರಕಟಿಸಿದನು. ಕಲ್ಲಿನಲ್ಲಿ ಹೆಸರಿದ್ದ ರಾಮಯ್ಯನು ಅವನಿಗೆ ಗಟ್ಟಿ ಐತಿಹಾಸಿಕ ವ್ಯಕ್ತಿಯಾಗಿ ಕಂಡನು. ಬಸವಣ್ಣನ ಕುರಿತು ಪುರಾಣಗಳು ಹೇಳುವ ವೃತ್ತಾಂತವಾದರೋ ಸಂದೇಹಕ್ಕೆ ಒಳಗಾಯಿತು. ಬಸವಣ್ಣನನ್ನು ಗುರುವೆಂದು ನಂಬಿದ ಸಮುದಾಯಕ್ಕೆ ಇದು ಕೇವಲ ಕಾಲನಿರ್ಣಯದ ಚರ್ಚೆಯಾಗಿರಲಿಲ್ಲ.

ದಾಖಲೆ ಸಿಗದಿರುವುದು ಸಂಗತಿ ನಡೆದಿಲ್ಲವೆಂಬುದಕ್ಕೆ ಸಾಕ್ಷಿಯಾಗದು. ಮೌನವನ್ನು ಆಧರಿಸಿದ ವಾದದ ಬಗ್ಗೆ ಫ್ರಾನ್ಸಿನ ಲಾಂಗ್ಲ್ವಾ ಮತ್ತು ಸೆಯ್ನೊಬೊಸ್ 1898ರ ತಮ್ಮ ಕೈಪಿಡಿಯಲ್ಲೇ ಎಚ್ಚರಿಸಿದ್ದರು. ಮುಂದೆ ಫ.ಗು. ಹಳಕಟ್ಟಿಯವರು 1923ರಲ್ಲಿ ವಚನಶಾಸ್ತ್ರಸಾರವನ್ನು ಪ್ರಕಟಿಸಿದರು. ಹುಕ್ಕೇರಿ ತಾಲ್ಲೂಕಿನ ಅರ್ಜುನವಾಡದ 1260ರ ಶಾಸನದಲ್ಲಿ ಬಸವಣ್ಣನ ಹೆಸರೂ ಅವನ ಮನೆತನದ ಉಲ್ಲೇಖವೂ ದೊರೆತವು. ಕಲ್ಲನ್ನೇ ಕೇಳುತ್ತಿದ್ದವರಿಗೆ ಕಲ್ಲೇ ಉತ್ತರ ಕೊಟ್ಟಿತು.

ಪವಾಡದ ಓದು

ದತ್ತಿಯನ್ನು ನಂಬಿ ಪವಾಡವನ್ನು ಕೈಬಿಡುವುದು ರಾಂಕೆಯ ಮಾರ್ಗದಲ್ಲಿ ನಡೆದವರ ರೂಢಿ. ಒಂದೇ ಶಾಸನದ ಒಂದು ಸಾಲು ಸತ್ಯ, ಮತ್ತೊಂದು ಕಟ್ಟುಕಥೆಯೆನ್ನುವ ಈ ವಿಂಗಡಣೆ ಅನುಕೂಲಕರವೇ ಹೊರತು ಪೂರ್ಣವಲ್ಲ. ಮಾರ್ಕ್ ಬ್ಲೋಕ್ 1924ರಲ್ಲಿ, ಅರಸರ ಸ್ಪರ್ಶದಿಂದ ಗಂಡಮಾಲೆ ವಾಸಿಯಾಗುತ್ತದೆಂಬ ಫ್ರಾನ್ಸ್ ಮತ್ತು ಇಂಗ್ಲೆಂಡಿನ ಜನರ ನಂಬಿಕೆಯನ್ನೇ ಇತಿಹಾಸದ ವಸ್ತುವಾಗಿಸಿದನು. ಆ ದೃಷ್ಟಿಯಿಂದ ನೋಡಿದರೆ, ತಲೆ ಮರಳಿ ಬಂತೇ ಎಂಬುದಕ್ಕಿಂತ, ಅದು ಬಂತೆಂಬ ಮಾತು ಭೂಮಿ ಪಡೆಯಲು ಹೇಗೆ ಸಾಧನವಾಯಿತು ಎಂಬ ಪ್ರಶ್ನೆಯೇ ಮುಖ್ಯವಾಗುತ್ತದೆ. ದೇವಾಲಯದ ಶಿಲ್ಪಫಲಕಗಳಲ್ಲೂ ರಾಮಯ್ಯನ ಪ್ರಸಂಗವನ್ನು ಕೆತ್ತಿ, ಓದುಬಲ್ಲವರಿಗಾಗಿ ಕೆಳಗೆ ಕನ್ನಡದಲ್ಲಿ ವಿವರಣೆ ಬರೆಯಲಾಗಿದೆ.