ಅತ್ತಿಮಬ್ಬೆಯ ಸಾವಿರ ಪ್ರತಿಗಳು

ಯುರೋಪಿನಲ್ಲಿ ಗುಟೆನ್‌ಬರ್ಗನು ಅಚ್ಚುಮೊಳೆಗಳಿಂದ ಬೈಬಲನ್ನು ಮುದ್ರಿಸಿದ್ದು ಕ್ರಿ.ಶ. 1455ರ ಸುಮಾರಿಗೆ. ಅದರ ಪ್ರತಿಗಳು ಇನ್ನೂರನ್ನೂ ಮುಟ್ಟಿರಲಿಲ್ಲವೆಂದು ವಿದ್ವಾಂಸರ ಅಂದಾಜು. ಅದಕ್ಕೆ ನಾಲ್ಕು ಶತಮಾನಗಳಿಗೂ ಹಿಂದೆಯೇ ನಮ್ಮ ಕನ್ನಡ ನಾಡಿನಲ್ಲಿ ದಾನಚಿಂತಾಮಣಿ ಅತ್ತಿಮಬ್ಬೆಯು ಮಹಾಕವಿ ಪೊನ್ನನ ಶಾಂತಿಪುರಾಣದ ಸಾವಿರ ಪ್ರತಿಗಳನ್ನು ಬರೆಯಿಸಿ ಶಾಸ್ತ್ರದಾನ ಮಾಡಿದಳೆಂಬುದು ಆಶ್ಚರ್ಯಕರವಾದ ಸಂಗತಿ. ಆ ಕಾವ್ಯವು ಆಕೆಯ ತಂದೆ ಮಲ್ಲಪಯ್ಯನ ಆಶ್ರಯದಲ್ಲಿ ರಚಿತವಾದುದು.

ತಾಳೆಯ ಓಲೆಯನ್ನು ಹದಗೊಳಿಸಿ, ಕಂಠದಿಂದ ಒಂದೊಂದೇ ಅಕ್ಷರವನ್ನು ಕೊರೆದು, ಮಸಿ ಸವರಿ, ದಾರದಿಂದ ಕಟ್ಟಬೇಕು. ಹೀಗೆ ಸಾವಿರ ಬಾರಿ! ವ್ಯಾಪಾರಿಯಾದ ನಾನು ಆ ವೆಚ್ಚದ ಲೆಕ್ಕ ಹಾಕಲೂ ಅಂಜುತ್ತೇನೆ.

ಆಕೆಯು 1007ರಲ್ಲಿ ಲಕ್ಕುಂಡಿಯಲ್ಲಿ ಕಟ್ಟಿಸಿದ ಜಿನಾಲಯವು ಇಂದಿಗೂ ನಿಂತಿದೆ. ಆದರೆ ಓಲೆಗೆ ಕಲ್ಲಿನ ಆಯುಷ್ಯವಿಲ್ಲ. ಹುಳುವೂ ತೇವವೂ ಅದರ ವೈರಿಗಳು. ತಲೆಮಾರಿನಿಂದ ತಲೆಮಾರಿಗೆ ಪ್ರತಿ ಮಾಡುವವರಿದ್ದುದರಿಂದಲೇ ನಮ್ಮ ಪುರಾಣಗಳು ಉಳಿದುವು.

ಬಸದಿಯ ಪ್ರತಿಷ್ಠೆಯ ಈ ಶುಭಸಮಯದಲ್ಲಿ ಶ್ರಾವಕ ಬಂಧುಗಳು ತಮ್ಮ ಮನೆಯ ಅಟ್ಟದಲ್ಲಿ ಓಲೆಗರಿಯ ಕಟ್ಟುಗಳಿದ್ದರೆ ಒಮ್ಮೆ ಇಳಿಸಿ, ಧೂಳೊರಸಿ, ಬಲ್ಲವರಿಗೆ ತೋರಿಸಬೇಕೆಂದು ವಿನಂತಿ. ಜಿನಬಿಂಬಕ್ಕೆ ಆಲಯವು ಬೇಕಾದಂತೆ ಜಿನವಾಣಿಗೂ ಆಶ್ರಯವು ಬೇಕಲ್ಲವೇ?