ನಿದ್ದೆಗೆ ಅಂಕ ಕೊಟ್ಟವರು

ಹೊಸನಗರ ತಾಲೂಕಿನ ಮಾಸ್ತಿಕಟ್ಟೆ ಎಂದರೆ ನಮಗೆ ಮೊದಲು ನೆನಪಾಗುವುದು ಮಳೆ, ಆಮೇಲೆ ವಾರಾಹಿ. ಮಾಣಿ ಅಣೆಕಟ್ಟಿನಲ್ಲಿ ನಿಂತ ನೀರು ಘಟ್ಟದ ಒಡಲೊಳಗೆ ಇಳಿದು ಹೊಸಂಗಡಿಯ ಭೂಗರ್ಭ ವಿದ್ಯುದಾಗಾರದ ಚಕ್ರಗಳನ್ನು ತಿರುಗಿಸುತ್ತದೆ. ಅಲ್ಲಿನ ಮೊದಲ ಘಟಕ ಚಾಲನೆಗೊಂಡಿದ್ದು 1989ರಲ್ಲಿ. 2009ರಲ್ಲಿ ನಾಲ್ಕು ಘಟಕಗಳಾಗಿ ಸಾಮರ್ಥ್ಯ 460 ಮೆಗಾವಾಟ್‌ಗೆ ಏರಿತು. ಊರಿಗೆ ಬೆಳಕು ಬೇಕಾದರೆ ಯಾರಾದರೂ ಎಚ್ಚರವಿರಲೇಬೇಕಲ್ಲ! ಪಾಳಿಯ ಮೇಲೆ ದುಡಿಯುವವರು ಲೋಕ ಮಲಗಿದಾಗ ಎದ್ದಿದ್ದು, ಲೋಕ ಎದ್ದಾಗ ಮಲಗಬೇಕು.

ಅದೇ 1989ರಲ್ಲಿ ದೂರದ ಅಮೆರಿಕದಲ್ಲಿ ಡೇನಿಯಲ್ ಬೈಸ್ ಮತ್ತು ಸಂಗಡಿಗರು ನಿದ್ದೆಯನ್ನು ಅಳೆಯುವ ಪ್ರಶ್ನಾವಳಿಯೊಂದನ್ನು ಪ್ರಕಟಿಸಿದರು. ಪಿಟ್ಸ್‌ಬರ್ಗ್ ಸೂಚ್ಯಂಕವೆಂದೇ ಅದು ಹೆಸರಾಯಿತು. 19 ಪ್ರಶ್ನೆಗಳು, ಒಟ್ಟು 21 ಅಂಕ. ಐದಕ್ಕಿಂತ ಹೆಚ್ಚಾದರೆ ನಿದ್ದೆ ಸರಿಯಿಲ್ಲವೆಂದು ಅರ್ಥ. 1993ರಲ್ಲಿ ಚಾರ್ಲ್ಸ್ ಮೊರಿನ್ ಏಳೇ ಪ್ರಶ್ನೆಗಳ, 28 ಅಂಕಗಳ ಮಾಪನ ರೂಪಿಸಿದರು. 2000ದಲ್ಲಿ ಗ್ರೀಸಿನ ಸೊಲ್ಡಾಟೋಸ್ ಮತ್ತು ಸಂಗಡಿಗರು ಎಂಟು ಪ್ರಶ್ನೆಗಳ ಅಥೆನ್ಸ್ ಮಾಪನ ತಂದರು.

ಮಿದುಳಿನ ಅಲೆಗಳನ್ನು ದಾಖಲಿಸುವ ಯಂತ್ರವಿರುವಾಗ ಪ್ರಶ್ನೆಗಳೇಕೆ? ಇಡೀ ಊರನ್ನು ಪ್ರಯೋಗಾಲಯದಲ್ಲಿ ಮಲಗಿಸಲಾಗದು ಎಂಬುದು ಒಂದು ಕಾರಣ. ಇನ್ನೊಂದು, ನಿದ್ರಾಹೀನತೆ ಮೂಲತಃ ಮನುಷ್ಯನ ದೂರು. ಯಂತ್ರ ‘ಮಲಗಿದ್ದಾನೆ’ ಎಂದರೂ ಅವನು ‘ಕಣ್ಣು ಮುಚ್ಚಲಿಲ್ಲ’ ಎನ್ನಬಹುದು. ಅವನ ಸಂಕಟ ಸುಳ್ಳಲ್ಲ.

ಹಾಗಾದರೆ ಈ ಪ್ರಶ್ನೆಗಳನ್ನು ಎಷ್ಟು ನಂಬಬಹುದು? ಪ್ರಶ್ನಾವಳಿಯೊಂದರ ಪ್ರಶ್ನೆಗಳೆಲ್ಲ ಒಂದೇ ದಿಕ್ಕಿಗೆ ನಡೆಯುತ್ತವೆಯೇ ಎಂದು ನೋಡುವ ಲೆಕ್ಕವನ್ನು ಲೀ ಕ್ರೋನ್‌ಬಾಕ್ 1951ರಲ್ಲಿ ಕೊಟ್ಟಿದ್ದರು. ಅದರಲ್ಲಿ ಒಂದರ ಹತ್ತಿರ ಬಂದಷ್ಟೂ ಹೊಂದಾಣಿಕೆ ಹೆಚ್ಚು. ಪಿಟ್ಸ್‌ಬರ್ಗ್ ಸೂಚ್ಯಂಕಕ್ಕೆ ಮೊದಲ ಪರೀಕ್ಷೆಯಲ್ಲೇ 0.83 ಸಿಕ್ಕಿತು. ಕೆಟ್ಟದ್ದೇನಲ್ಲ. ಆದರೆ ಸಂತೆಯ ತಕ್ಕಡಿಯನ್ನು ನೆನೆಯೋಣ. ಒಂದೇ ಬಾಳೆಗೊನೆಯನ್ನು ಎರಡು ಸಲ ತೂಗಿದರೂ ಒಂದೇ ತೂಕ ಬಂದರೆ ತಕ್ಕಡಿ ವಿಶ್ವಾಸಾರ್ಹ. ತೂಕದ ಕಲ್ಲೇ ಖೋಟಾ ಆಗಿದ್ದರೆ? ಎರಡು ಸಲವೂ ಅದೇ ತಪ್ಪು ತೂಕ ಬರುತ್ತದೆ!

ಪಿಟ್ಸ್‌ಬರ್ಗ್‌ನ ಮೊದಲ ಪ್ರಶ್ನೆ, ಕಳೆದ ತಿಂಗಳು ನೀವು ಸಾಮಾನ್ಯವಾಗಿ ರಾತ್ರಿ ಎಷ್ಟು ಗಂಟೆಗೆ ಮಲಗುತ್ತಿದ್ದಿರಿ ಎಂಬುದು. ವಾರಕ್ಕೊಮ್ಮೆ ಪಾಳಿ ಬದಲಾಗುವವನಿಗೆ ‘ಸಾಮಾನ್ಯ’ ಎಂಬುದೆಲ್ಲಿ? ರಮಝಾನ್ ಮುಗಿದ ಮರುದಿನ ಇದೇ ಪ್ರಶ್ನೆಯನ್ನು ನಮ್ಮ ಮನೆಗಳಲ್ಲಿ ಕೇಳಿದರೆ ಹೇಗಿರುತ್ತದೆ? ತರಾವೀಹ್ ಮುಗಿಸಿ ತಡವಾಗಿ ಮಲಗಿ, ಸಹರಿಗೆ ಎದ್ದವರ ಅಂಕ ಏರಿಯೇ ಏರುತ್ತದೆ. ಅದು ರೋಗವಲ್ಲ, ಇಬಾದತ್. ಯುರೋಪಿನಲ್ಲೂ ಹಿಂದೆ ಜನ ರಾತ್ರಿಯನ್ನು ಎರಡು ನಿದ್ದೆಗಳಾಗಿ ಮಲಗಿ, ನಡುವೆ ಎದ್ದು ಪ್ರಾರ್ಥಿಸುತ್ತಿದ್ದರೆಂದು ಚರಿತ್ರಕಾರ ರೋಜರ್ ಎಕಿರ್ಚ್ 2001ರಲ್ಲಿ ಬರೆದರು.

ಭಾಷೆಯ ತೊಡಕು ಬೇರೆ. ಕನ್ನಡದಲ್ಲಿ ‘ನಿದ್ದೆ ಹತ್ತಲಿಲ್ಲ’ ಎನ್ನುವುದು, ‘ನಿದ್ದೆಗೆಟ್ಟೆ’ ಎನ್ನುವುದು ಒಂದೇ ಅಲ್ಲ. ಮೊದಲನೆಯದು ತಾನಾಗಿ ಬಂದ ಸಂಕಟ. ಎರಡನೆಯದು ಮಗುವಿಗಾಗಿಯೋ ರೋಗಿಗಾಗಿಯೋ ತಾನೇ ಎಚ್ಚರವಿದ್ದದ್ದು. ಉರ್ದುವಿನಲ್ಲಿ ನಿದ್ದೆ ‘ಉಚಟ್’ ಆಗುತ್ತದೆ, ಕೊಂಬೆಯಿಂದ ಹಕ್ಕಿ ಹಾರಿದ ಹಾಗೆ. ಪದಕ್ಕೆ ಪದ ಇಟ್ಟ ಅನುವಾದದಲ್ಲಿ ಈ ವ್ಯತ್ಯಾಸಗಳು ಕರಗಿಹೋಗುತ್ತವೆ. ಇನ್ನು, ಎಲ್ಲರಿಗಿಂತ ಕೊನೆಗೆ ಮಲಗಿ ಮೊದಲು ಏಳುವ ಹೆಂಗಸು ‘ನಿದ್ದೆ ಚೆನ್ನಾಗಿದೆ’ ಎಂದೇ ಗುರುತು ಹಾಕಬಹುದು. ತನಗೆ ಸಿಗುವುದೇ ಅಷ್ಟು ಎಂದು ಆಕೆ ನಂಬಿದ್ದಾಳೆ.

ಈ ಮಾಪನಗಳನ್ನು ಬಿಸಾಡಬೇಕೆಂದು ನಾವು ಹೇಳುತ್ತಿಲ್ಲ. ಹೇಳಿಕೊಳ್ಳಲಾಗದ ಸಂಕಟಕ್ಕೆ ವೈದ್ಯರ ಮೇಜಿನ ಮೇಲೆ ಒಂದು ಜಾಗ ಮಾಡಿಕೊಟ್ಟದ್ದು ಅವುಗಳ ಉಪಕಾರ. ಆದರೆ ಅಂಕ ಕಡಿಮೆ ಬಂತೆಂದು ಆ ಹೆಂಗಸನ್ನು ಬರಿಗೈಯಲ್ಲಿ ಕಳುಹಿಸಿದರೆ, ಅಂಕ ಹೆಚ್ಚು ಬಂತೆಂದು ಪಾಳಿಯವನ ಕೈಗೆ ಗುಳಿಗೆಯಿಟ್ಟರೆ, ತೂಗಿದ್ದು ಏನನ್ನು? ಪ್ರಶ್ನೆ ಮುಗಿದ ಮೇಲೆ, ‘ರಾತ್ರಿ ನಿಮ್ಮ ಮನೆಯಲ್ಲಿ ಏನೇನು ನಡೆಯುತ್ತದೆ?’ ಎಂದು ಇನ್ನೊಂದನ್ನು ಕೇಳಬೇಕು. ಅದಕ್ಕೆ ಅಂಕವಿಲ್ಲ, ಕೇಳಿಸಿಕೊಳ್ಳುವ ಕಿವಿ ಬೇಕು.